ನಕ್ಕಾದ ಮೇಲೆ

ಕಂಪ್ಯೂಟರ್ ಬಲ್ಲವರು ನಾಲ್ಕು ಜನ ಕೂಡಿದರೆ ಸಾಕು, ಎಡವಟ್ಟಿನ ಕಥೆಗಳು ಶುರುವಾಗುತ್ತವೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಹುಡುಗರ ಇಂಥ ಹರಟೆಯನ್ನು ನಾನು ಬಹಳ ಕೇಳಿದ್ದೇನೆ. ಸಿ.ಡಿ. ಇಡುವ ತಟ್ಟೆಯ ಮೇಲೆ ಚಹಾದ ಕಪ್ ಇಟ್ಟವರ ಕಥೆ ಹಳೆಯದು. ಎಡವುವ ಪಾತ್ರ ಹೆಚ್ಚಾಗಿ ಒಬ್ಬ ಹೆಂಗಸು, ಇಲ್ಲವೇ ವಯಸ್ಸಾದ ಗುಮಾಸ್ತ. ನಕ್ಕು ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇದೇ ನನ್ನ ತಕರಾರು.

ಕನ್ನಡದಲ್ಲಿ ಟೈಪು ಮಾಡಿದ ಪತ್ರ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡ ಕಥೆಯನ್ನೇ ನೋಡಿ. ಎಲ್ಲರೂ ಟೈಪು ಮಾಡಿದಾಕೆಯನ್ನು ಕಂಡು ನಗುತ್ತಾರೆ. ಆಕೆಯ ತಪ್ಪೇನು? ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಕನ್ನಡ ಬರೀ ಮೇಲಿನ ವೇಷ. ಫಾಂಟು ಇಲ್ಲದ ಕಡೆ ವೇಷ ಕಳಚುತ್ತಿತ್ತು. 1991ರಲ್ಲಿ ಬಂದ ಯೂನಿಕೋಡ್ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಕೊಟ್ಟಿತು. ಕಥೆಯ ಜೀವಾಳ ಇದು, ಇದನ್ನೇ ಹೇಳುವುದಿಲ್ಲ.

1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನಲ್ಲಿ ಮಾರ್ಕ್-2 ಯಂತ್ರದ 70ನೇ ರಿಲೇಯಲ್ಲಿ ಒಂದು ಪತಂಗ ಸಿಕ್ಕಿತು. ಕೆಲಸದಲ್ಲಿದ್ದವರು ಅದನ್ನು ದಾಖಲೆ ಪುಸ್ತಕಕ್ಕೆ ಅಂಟಿಸಿ, ಸಿಕ್ಕ ಜಾಗವನ್ನೂ ಬರೆದಿಟ್ಟರು. ಅದರಲ್ಲಿ ತಮಾಷೆಯೂ ಇದೆ, ಕಾರಣವೂ ಇದೆ; ಯಾರ ಅವಹೇಳನವೂ ಇಲ್ಲ.

ನಗೆಪಾಟಲಾದ ಹುಡುಗಿ ಮತ್ತೆ ಪ್ರಶ್ನೆ ಕೇಳುವುದಿಲ್ಲ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಆದ್ದರಿಂದ ತಂಗಿಯರೇ, ಇಂಥ ಕಥೆ ಕೇಳಿದಾಗ ಧಾರಾಳವಾಗಿ ನಗಿ. ನಕ್ಕಾದ ಮೇಲೆ ‘ಹಾಗೇಕಾಯಿತು?’ ಎಂದು ಕೇಳಿ. ಉತ್ತರ ಬಾರದಿದ್ದರೆ, ಹೇಳಿದವನಿಗೂ ಗೊತ್ತಿಲ್ಲವೆಂದೇ ಅರ್ಥ.