ಮೈಲುತುತ್ತದ ಮಾತಿನಿಂದ ಶುರುವಾಗುವ ಸಿನಿಮಾ

ನಿರ್ದೇಶಕ ಕೋಸ್ಟಾ ಗಾವ್ರಾಸ್‌ನ 'ಝಡ್' (1969) ಶುರುವಾಗುವುದೇ ಒಂದು ಕೃಷಿ ಉಪನ್ಯಾಸದಿಂದ. ದ್ರಾಕ್ಷಿ ಬಳ್ಳಿಯ ಬೂಜುರೋಗಕ್ಕೆ ಮೈಲುತುತ್ತ ಹೊಡೆಯುವುದು ಹೇಗೆಂದು ಒಬ್ಬ ವಿವರಿಸುತ್ತಾನೆ. ಆಮೇಲೆ ಜನರಲ್ ಎದ್ದು, ದೇಶಕ್ಕೂ ವಿಚಾರಗಳ ಬೂಜು ಹಿಡಿದಿದೆ, ಚಿಗುರು ಎಳೆಯದಾಗಿರುವಾಗ ಶಾಲೆಯಲ್ಲೇ ಔಷಧಿ ಬೀಳಬೇಕು ಎನ್ನುತ್ತಾನೆ. ಕೊಳೆರೋಗಕ್ಕೆ ಹೆದರಿ ಅಡಿಕೆ ಗೊನೆಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಸುವ ನಮ್ಮ ಶಿವಮೊಗ್ಗ ಸೀಮೆಯವರಿಗೆ ಈ ದೃಶ್ಯ ನೇರ ಎದೆಗೇ ತಾಗುತ್ತದೆ. ಆ ದ್ರಾವಣ ಹುಟ್ಟಿದ್ದೂ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲೇ. ತೋಟ ಉಳಿಸುವ ಮಾತನ್ನು ಮನುಷ್ಯರ ಮೇಲೆ ತಿರುಗಿಸುವ ಜನರಲ್‌ನ ದನಿಯಲ್ಲಿ ಸಿಟ್ಟಿಲ್ಲ, ಕಾಳಜಿಯಿದೆ. ಭಯ ಹುಟ್ಟಿಸುವುದು ಆ ಕಾಳಜಿಯೇ.

1963ರಲ್ಲಿ ಗ್ರೀಸಿನ ಥೆಸಲೊನೀಕಿಯಲ್ಲಿ ನಡೆದ ಸಂಸದ ಲಂಬ್ರಾಕಿಸ್ ಹತ್ಯೆ ಕಥೆಯ ಮೂಲ. 1967ರಲ್ಲಿ ಅಲ್ಲಿ ಕರ್ನಲ್‌ಗಳು ಅಧಿಕಾರ ಕಸಿದುಕೊಂಡರು. ಹಾಗಾಗಿ ಚಿತ್ರೀಕರಣ ಅಲ್ಜೀರ್ಸ್‌ನಲ್ಲಿ. ಸಂಗೀತ, ಆ ಸರ್ಕಾರವೇ ಬಂಧನದಲ್ಲಿಟ್ಟಿದ್ದ ತಿಯೊದೊರಾಕಿಸ್‌ನದು.

ನಾನು ಮನಸಾರೆ ಸವಿಯುವುದು ಆ ಹತ್ಯೆಯ ವಿಚಾರಣೆಯ ಭಾಗವನ್ನು. ಜಾನ್ ಲೂಯಿ ತ್ರಿಂತಿನ್ಯಾನ್ ಇಲ್ಲಿ ಮ್ಯಾಜಿಸ್ಟ್ರೇಟ್. ಬಣ್ಣದ ಗಾಜಿನ ಕನ್ನಡಕದ ಹಿಂದೆ ಅವನ ಮನಸ್ಸು ಯಾರಿಗೂ ಸಿಗುವುದಿಲ್ಲ. ಎದೆ ತುಂಬ ಪದಕ ಧರಿಸಿದ ಅಧಿಕಾರಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ಹೆಸರು, ಹುದ್ದೆ, ಆರೋಪ. ಟೈಪ್‌ರೈಟರಿನ ಸದ್ದು. ಪತ್ರಕರ್ತರಿಂದ ತಪ್ಪಿಸಿಕೊಳ್ಳಲು ಬೇರೊಂದು ಬಾಗಿಲಿಗೆ ಕೈ ಹಾಕಿದರೆ ಬೀಗ! ಮುಂದಿನವನೂ ಅದೇ ಬಾಗಿಲಿಗೆ ಹೋಗುತ್ತಾನೆ. ಒಂದೇ ಕ್ರಿಯೆಯ ಪುನರಾವರ್ತನೆಯಲ್ಲಿ ನ್ಯಾಯದ ಸಂತೋಷವನ್ನು ಇಷ್ಟು ಚೆನ್ನಾಗಿ ಕಟ್ಟಿದ ಇನ್ನೊಂದು ದೃಶ್ಯ ನಾನು ಕಂಡಿಲ್ಲ. ಮರುಗಳಿಗೆಯೇ ನಿರ್ದೇಶಕ ಆ ಸಂತೋಷವನ್ನು ಕಿತ್ತುಕೊಳ್ಳುತ್ತಾನೆ: ಸಾಕ್ಷಿಗಳು ಸಾಯುತ್ತಾರೆ, ಸೈನ್ಯ ಬರುತ್ತದೆ, ನಿಷೇಧಗಳ ಪಟ್ಟಿ ತೆರೆಯ ಮೇಲೆ ಹರಿಯುತ್ತದೆ. ಉದ್ದ ಕೂದಲು, ಸೊಫೊಕ್ಲಿಸ್, ಟಾಲ್‌ಸ್ಟಾಯ್, ಮುಷ್ಕರ, ಹೊಸ ಗಣಿತ.

ಆ ಪಟ್ಟಿ ನೋಡುವಾಗ ನಮ್ಮ ತುರ್ತು ಪರಿಸ್ಥಿತಿ ನೆನಪಾಗುತ್ತದೆ. ಅದು ಸೈನ್ಯದ ಆಡಳಿತವಲ್ಲ, ನಿಜ. ಆದರೆ ಸೆನ್ಸಾರೂ ಸೆರೆಮನೆಯೂ ಇಲ್ಲಿಗೂ ಬಂದವು, ನಮ್ಮ ಸಿನಿಮಾದವರನ್ನೂ ಮುಟ್ಟಿದವು. 1970ರ ಕನ್ನಡ ಚಿತ್ರ 'ಸಂಸ್ಕಾರ'ದಲ್ಲಿ ಚಂದ್ರಿಯಾದವರು ಸ್ನೇಹಲತಾ ರೆಡ್ಡಿ; ನಾರಣಪ್ಪನಾದವರು ಶಿವಮೊಗ್ಗದ ಪಕ್ಕದ ಕೊನಗವಳ್ಳಿಯ ಪಿ. ಲಂಕೇಶ್. ಆಸ್ತಮಾ ಇದ್ದ ಸ್ನೇಹಲತಾ ಅವರನ್ನು 1976ರಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ವಿಚಾರಣೆಯಿಲ್ಲದೆ ಇಟ್ಟರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದವರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಪತಿ ಪಟ್ಟಾಭಿರಾಮ ರೆಡ್ಡಿ ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕದಿಂದ ಮಾಡಿದ ಚಿತ್ರ 'ಚಂಡಮಾರುತ' ಅದೇ ವರ್ಷದ್ದು.

ಶಿವಮೊಗ್ಗ, ಭದ್ರಾವತಿಯ ಚಿತ್ರಾಸಕ್ತರಲ್ಲಿ ನನ್ನದೊಂದು ಕೋರಿಕೆ: 'ಝಡ್' ಮತ್ತು 'ಚಂಡಮಾರುತ'ವನ್ನು ಒಂದೇ ದಿನ, ಒಂದೇ ಸಭಾಂಗಣದಲ್ಲಿ, ಕಾಲೇಜು ಮಕ್ಕಳನ್ನು ಕರೆದು ತೋರಿಸಿ.