ಬಿಗಿಯಾದ ಸ್ಪ್ರಿಂಗ್, ಲೆಕ್ಕ ತಪ್ಪಿದ ಶಾಕಪ್

ಕುಡಚಿಯಿಂದ ಕೃಷ್ಣೆಯ ಸೇತುವೆ ದಾಟಿ ಉಗಾರದತ್ತ, ಇತ್ತ ರಾಯಬಾಗ, ಚಿಕ್ಕೋಡಿಯತ್ತ ಓಡಾಡುವ ಗಾಡಿಗಳಿಗೆ ಒಂದು ರೂಢಿಯ ಮದ್ದಿದೆ. ಹಿಂಭಾಗ ಕುಸಿಯುತ್ತಿದ್ದರೆ, ಹಂಪ್‌ ದಾಟುವಾಗ ತಳ ತಾಗುತ್ತಿದ್ದರೆ, ಸ್ಪ್ರಿಂಗ್ ಬಿಗಿ ಮಾಡಿಸುವುದು. ಪಿಕಪ್ ಆದರೆ ಇನ್ನೊಂದು ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಏರುತ್ತದೆ. ಕಾರಾದರೆ ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಕೂರುತ್ತದೆ. ಹಣ ಇದ್ದವರು ಈಗ ಬಿಗಿ-ಸಡಿಲ ಮಾಡಬಲ್ಲ ಶಾಕಪ್‌ಗೂ ಕೈ ಹಾಕುತ್ತಾರೆ. ಇವುಗಳಲ್ಲಿ ಯಾವುದೂ ತಾನಾಗಿ ಕೆಟ್ಟದ್ದಲ್ಲ. ಒಂದನ್ನು ಮಾಡುವಾಗ ಇನ್ನೊಂದರ ಲೆಕ್ಕ ಹಿಡಿಯದಿರುವುದೇ ಈ ರೂಢಿಯ ದೊಡ್ಡ ದೋಷ.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್, ಶಾಕಪ್ ಅಲ್ಲ. ಒತ್ತಿದಾಗ ಸ್ಪ್ರಿಂಗ್ ಶಕ್ತಿಯನ್ನು ಕೂಡಿಟ್ಟುಕೊಂಡು ಮರಳಿ ಎಸೆಯುತ್ತದೆ. ಆ ಶಕ್ತಿಯನ್ನು ಶಾಕಪ್ ತನ್ನೊಳಗಿನ ಎಣ್ಣೆಯನ್ನು ಕಿರುವಾಲ್ವ್‌ಗಳ ಮೂಲಕ ಹಾಯಿಸಿ ಶಾಖವಾಗಿ ಕರಗಿಸುತ್ತದೆ. ಸ್ಪ್ರಿಂಗ್ ಬಿಗಿಯಾದಷ್ಟೂ ಅದು ಎಸೆಯುವ ರಭಸ ಹೆಚ್ಚು. ತಡೆಯುವ ಬಲವೂ ಹೆಚ್ಚಬೇಕು. ಎಷ್ಟು ಹೆಚ್ಚಬೇಕು ಎಂಬುದಕ್ಕೆ ಸರಳ ಸೂತ್ರವಿದೆ: ಸ್ಪ್ರಿಂಗಿನ ಬಿಗಿತ ಮತ್ತು ಅದರ ಮೇಲಿನ ಭಾರ, ಇವೆರಡರ ಗುಣಲಬ್ಧದ ವರ್ಗಮೂಲಕ್ಕೆ ತಕ್ಕಂತೆ.

ಒಂದು ಹಿಂಗಾಲಿಯ ಮೇಲೆ 300 ಕಿಲೋ ಭಾರ, ಗಾಲಿಯ ಬಳಿ ಅಳೆದ ಸ್ಪ್ರಿಂಗ್ ಬಿಗಿತ ಮಿಲಿಮೀಟರಿಗೆ 30 ನ್ಯೂಟನ್ ಎಂದು ಇಟ್ಟುಕೊಳ್ಳೋಣ. ಗಾಡಿ ಸೆಕೆಂಡಿಗೆ ಸುಮಾರು 1.6 ಸಲ ಕುಣಿಯಬಲ್ಲದು. ಕುಣಿತವನ್ನು ಪೂರ್ತಿ ಕೊಲ್ಲಲು ಬೇಕಾದ ತಡೆಯ ಸುಮಾರು ಶೇ. 30ರಷ್ಟು ಇದ್ದರೆ ಊರ ಕಾರಿಗೆ ಹಿತ. ಇಲ್ಲಿ ಅದು ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ 1,800 ನ್ಯೂಟನ್. ಸ್ಪ್ರಿಂಗನ್ನು 43.2ಕ್ಕೆ, ಅಂದರೆ ಶೇ. 44ರಷ್ಟು ಬಿಗಿ ಮಾಡಿದರೆ ಬೇಕಾಗುವ ತಡೆ 2,160. ಹೆಚ್ಚಳ ಶೇ. 20 ಮಾತ್ರ. ಸ್ಪ್ರಿಂಗ್ ಬದಲಿಸಿ ಶಾಕಪ್ ಮುಟ್ಟದವರೂ ತಪ್ಪುತ್ತಾರೆ. ಸ್ಪ್ರಿಂಗ್ ಬಿಗಿಯಾಯಿತೆಂದು ಶಾಕಪ್ಪನ್ನು ಕೊನೆಯ ಕ್ಲಿಕ್‌ವರೆಗೆ ತಿರುಗಿಸಿಬಿಡುವವರೂ ತಪ್ಪುತ್ತಾರೆ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ನಮ್ಮ ನೆಲ ಈ ತಪ್ಪನ್ನು ಮುಚ್ಚಿಡುವುದಿಲ್ಲ. ಕೃಷ್ಣಾ ದಂಡೆಯ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಗುಂಡಿ ಬೀಳುವ ಮೊದಲೇ ಉದ್ದುದ್ದ ಅಲೆಯಾಗುತ್ತದೆ. ತಾಸಿಗೆ 60 ಕಿ.ಮೀ. ವೇಗದಲ್ಲಿ ಹೋಗುವಾಗ ಹತ್ತು-ಹನ್ನೊಂದು ಮೀಟರ್ ಅಂತರದ ಅಲೆಗಳು ಮೇಲೆ ಹೇಳಿದ ಕಾರಿನ ಕುಣಿತಕ್ಕೆ ಸರಿಯಾಗಿ ತಾಳ ಹಾಕುತ್ತವೆ. ತಡೆ ಸಾಲದಿದ್ದರೆ ಪ್ರತಿ ಅಲೆಗೂ ಹಿಂಭಾಗ ಇನ್ನಷ್ಟು ಏಳುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಿಂದ ಅಂಚು ಮುರಿದ ರಸ್ತೆಯ ಬೇಡಿಕೆ ಬೇರೆಯೇ. ಅಲ್ಲಿ ಏಟುಗಳು ಸಣ್ಣವು, ಬೆನ್ನುಬೆನ್ನಿಗೆ ಬರುವಂಥವು. ಶಾಕಪ್ ಹಿಗ್ಗುವುದನ್ನು ಅತಿಯಾಗಿ ತಡೆದರೆ ಗಾಲಿ ಕೆಳಗಿಳಿದು ನೆಲ ಹಿಡಿಯುವ ಮೊದಲೇ ಮುಂದಿನ ಏಟು ಬಂದಿರುತ್ತದೆ; ಗಾಡಿ ಏಟಿಗಿಷ್ಟು ಕುಗ್ಗುತ್ತ ಕಲ್ಲಿನಂತಾಗುತ್ತದೆ. ಒಂದೇ ದಾರಿ ಎರಡು ವಿರುದ್ಧ ಬೇಡಿಕೆ ಇಡುವುದರಿಂದ ನಡುವಣ ಬಿಂದುವನ್ನು ಹುಡುಕಲೇಬೇಕು.

ಅದನ್ನು ಹುಡುಕಲು, ತಡೆಯನ್ನು ಬಿಗಿ-ಸಡಿಲ ಮಾಡುವ ಗುಬ್ಬಿ ಇರುವ ಶಾಕಪ್ ನೆರವಾಗುತ್ತದೆ, ಆದರೆ ಎಲ್ಲ ಗುಬ್ಬಿಗಳ ಕೆಲಸ ಒಂದೇ ಅಲ್ಲ. ಡಚ್ ಸಂಸ್ಥೆ ಕೋನಿಯ ಹಳೆಯ ವಿನ್ಯಾಸದಲ್ಲಿ ಶಾಕಪ್ ಬಿಚ್ಚಿ, ಅದರ ಪಿಸ್ಟನ್ ದಂಡವನ್ನು ತಳದವರೆಗೆ ಒತ್ತಿ ತಿರುಗಿಸಬೇಕು. ಆಗ ಹಿಗ್ಗುವ ದಿಕ್ಕಿನ ತಡೆ ಮಾತ್ರ ಬದಲಾಗುತ್ತದೆ. ಸ್ಪ್ರಿಂಗಿಗೆ ಒಮ್ಮೆ ಹೊಂದಿಸಿ ಬಿಡಲು, ಸವೆತ ಸರಿದೂಗಿಸಲು ಇದು ಒಳ್ಳೆಯ ದಾರಿ. ರ‍್ಯಾಂಚೋ ಕಂಪನಿಯ 9 ಹಂತದ ಮಾದರಿಯಲ್ಲಿ ಹೊರಗಿನ ಗುಬ್ಬಿಯನ್ನು ಕೈಯಿಂದಲೇ ತಿರುಗಿಸಬಹುದು. ನನ್ನ ಅಭಿಪ್ರಾಯದಲ್ಲಿ ಗಡಿಭಾಗದ ಬದುಕಿಗೆ ಒಪ್ಪುವುದು ಈ ಎರಡನೆಯದು. ಬೆಳಿಗ್ಗೆ ಭಾರ ತುಂಬಿ ಮಿರಜಕ್ಕೆ ಹೋಗಿ ಸಂಜೆ ಖಾಲಿ ಬರುವ ಗಾಡಿಗೆ ಒಂದೇ ಹಂತ ಸಾಲದು. ಹಿಂಗಾಲಿಯ ಮೇಲಿನ ಭಾರ ದುಪ್ಪಟ್ಟಾದರೆ ಬೇಕಾದ ತಡೆ 1.4 ಪಟ್ಟು ಏರುತ್ತದೆ. ಹೊಂದಿಸಬಲ್ಲ ಶಾಕಪ್ಪನ್ನು ರೇಸಿನ ಅಲಂಕಾರವೆಂದು ಮಾರುವುದು ಅದರ ನಿಜವಾದ ಗುಣವನ್ನೇ ಮರೆಮಾಡಿದಂತೆ. ಅದು ದುಡಿಯುವ ಗಾಡಿಯ ಸಾಧನ.

ಗುಬ್ಬಿಗೆ ಮಿತಿಯೂ ಇದೆ. ಹಲವು ಶಾಕಪ್‌ಗಳಲ್ಲಿ ಅದು ದಂಡ ನಿಧಾನ ಚಲಿಸುವಾಗಿನ ತಡೆಯನ್ನಷ್ಟೇ ಹೆಚ್ಚು ಬದಲಿಸುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಆದರೆ ಊರೊಳಗೆ ಗುಡ್ಡೆ ಹಾಕಿದ ಕಿರಿದಾದ ಹಂಪ್ ಹಾರುವಾಗ ದಂಡ ರಭಸದಿಂದ ಚಲಿಸುತ್ತದೆ; ಅಲ್ಲಿ ಒಳಗಿನ ವಾಲ್ವಿನದೇ ಆಟ, ಗುಬ್ಬಿಯ ಮಾತು ನಡೆಯುವುದಿಲ್ಲ. ಬಫರ್ ಹಾಕಿ ಎತ್ತರಿಸಿದ ಕಾರಿನಲ್ಲಿ ಇನ್ನೊಂದು ಕಷ್ಟ: ಗಾಲಿ ಕೆಳಗಿಳಿಯಲು ಉಳಿದ ಜಾಗ ಕಡಿಮೆಯಾಗಿ, ಗುಂಡಿಯಲ್ಲಿ ಶಾಕಪ್ ತುದಿಗೆ ಬಡಿಯುತ್ತದೆ. ಹಿಂಬದಿಯೊಂದನ್ನೇ ಬಿಗಿ ಮಾಡಿದರೆ ತಿರುವಿನಲ್ಲಿ ಹಿಂಗಾಲಿಗಳ ಹಿಡಿತವೂ ತಗ್ಗುತ್ತದೆ. 1930ರ ದಶಕದಲ್ಲಿ ಎಂಜಿನಿಯರ್ ಮಾರಿಸ್ ಓಲಿ ಜನರಲ್ ಮೋಟಾರ್ಸ್‌ನಲ್ಲಿ ಹಿಂದಿನ ಕುಣಿತ ಮುಂದಿನದಕ್ಕಿಂತ ತುಸು ಚುರುಕಾಗಿರಲಿ ಎಂದು ತೋರಿಸಿದ್ದು ನಿಜ. ಆದರೆ ಅದು ಮುಂದು-ಹಿಂದುಗಳನ್ನು ಜೊತೆಗಿಟ್ಟು ಅಳೆದ ಲೆಕ್ಕ, ಹಿಂದೆ ಎಷ್ಟು ಬೇಕಾದರೂ ಬಿಗಿಯಬಹುದೆಂಬ ಪರವಾನಗಿಯಲ್ಲ.

ನಮ್ಮ ಮಿಸ್ತ್ರಿಗಳ ಕಿವಿ, ಕೈ ಸೂಕ್ಷ್ಮ. ಸದ್ದು ಕೇಳಿಯೇ ಯಾವ ಬುಷ್ ಹೋಗಿದೆ ಎಂದು ಹೇಳಬಲ್ಲವರಿದ್ದಾರೆ. ಆದರೆ ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆ ಪೂರಾ ಸತ್ತ ಶಾಕಪ್ಪನ್ನು ಹಿಡಿದೀತೇ ಹೊರತು ಶೇ. 20ರ ವ್ಯತ್ಯಾಸವನ್ನಲ್ಲ. ಅದಕ್ಕೆ ರಸ್ತೆಯೇ ಬೇಕು, ಒಂದು ಕ್ರಮವೂ ಬೇಕು. ಟೈರಿನ ಗಾಳಿ ತಣ್ಣಗಿದ್ದಾಗ ಸರಿಪಡಿಸಿ, ದಿನನಿತ್ಯದ ಭಾರ ಹೇರಿ, ಅತಿ ಸಡಿಲ ಹಂತದಿಂದ ಹೊರಡಬೇಕು. ಅದೇ ರಸ್ತೆ, ಅದೇ ವೇಗ. ಒಮ್ಮೆಗೆ ಒಂದೇ ಆ್ಯಕ್ಸಲ್, ಎಡಬಲಕ್ಕೆ ಸಮ ಕ್ಲಿಕ್. ಅಲೆ ದಾಟಿದ ಮೇಲೂ ಕುಣಿತ ನಿಲ್ಲದಿದ್ದರೆ ಹಿಗ್ಗುವ ತಡೆ ಹೆಚ್ಚಿಸಬೇಕು. ಸಾಲು ಏಟುಗಳಲ್ಲಿ ಗಾಡಿ ಕುಗ್ಗುತ್ತ ಹೋದರೆ ಇಳಿಸಬೇಕು. ಒಂಟಿ ಏಟು ಬೆನ್ನಿಗೆ ನಾಟಿದರೆ ಕುಗ್ಗುವ ತಡೆ ಇಳಿಸಬೇಕು. ಎರಡೂ ತಡೆ ಒಂದೇ ಗುಬ್ಬಿಗೆ ಕಟ್ಟಿದ್ದರೆ ರಾಜಿ ಅನಿವಾರ್ಯ. ಕೊನೆಯ ಕ್ಲಿಕ್‌ನಲ್ಲೂ ಕುಣಿತ ನಿಲ್ಲದಿದ್ದರೆ ಆ ಶಾಕಪ್ ಆ ಸ್ಪ್ರಿಂಗಿಗೆ ಹುಟ್ಟಿದ್ದಲ್ಲ.

ಕಾನೂನಿನ ಮಿತಿಯೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಪಾಟಾ ಏರಿಸಿದರೆ ಗಾಡಿಯ ಅನುಮತಿಸಿದ ಭಾರವೇನೂ ಏರುವುದಿಲ್ಲ, ಬ್ರೇಕಿನ ಶಕ್ತಿಯೂ ಏರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಎಷ್ಟು ಕ್ಲಿಕ್ ಎಂದು ಕೇಳುವ ಮೊದಲು ಈ ಸ್ಪ್ರಿಂಗಿನ ಬಿಗಿತ ಎಷ್ಟು, ಈ ಶಾಕಪ್ ಯಾವ ಬಿಗಿತಕ್ಕೆ ಮಾಡಿದ್ದು ಎಂದು ಕೇಳಬೇಕು. ಉತ್ತರ ಕೊಡಲಾರದವರ ಬಳಿ ಕಂಪನಿಯ ಮೂಲ ಜೋಡಿಯನ್ನೇ ಹೊಸದಾಗಿ ಹಾಕಿಸುವುದು ಜಾಣತನ. ಗಾಡಿಯೊಳಗೆ ಕೂರುವವರು ನಮ್ಮ ಮನೆಯವರೇ ಆದ್ದರಿಂದ ಆ ಎರಡು ಪ್ರಶ್ನೆ ಕೇಳಲು ಸಂಕೋಚ ಪಡಬೇಕಾಗಿಲ್ಲ.