ಜೋಡಿ ಹಾರಾಟಕ್ಕೆ ಒಂದು ಕಣ್ಣು ಸಾಲದು

2024ರ ಡಿಸೆಂಬರ್ 5ರಂದು ಶ್ರೀಹರಿಕೋಟಾದಿಂದ ಮೇಲೇರಿದ ಪಿಎಸ್‌ಎಲ್‌ವಿ-ಸಿ59 ರಾಕೆಟ್ಟು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಪ್ರೋಬಾ-3 ಎಂಬ ಎರಡು ನೌಕೆಗಳನ್ನು ಕಕ್ಷೆಗೆ ಸೇರಿಸಿದ್ದು ನಿಮಗೆ ನೆನಪಿರಬಹುದು. 2025ರ ಮಾರ್ಚ್‌ನಲ್ಲಿ ಈ ನೌಕೆಗಳು ಭೂಮಿಯಿಂದ ಯಾವ ನಿಯಂತ್ರಣವೂ ಇಲ್ಲದೆ, ತಮ್ಮ ನಡುವೆ 150 ಮೀಟರ್ ಅಂತರ ಕಾಯ್ದುಕೊಂಡು ಹಲವು ಗಂಟೆಗಳ ಕಾಲ ಜೋಡಿಯಾಗಿ ಹಾರಿದವು. ಆಗ ಬಂದ ವರದಿಗಳಲ್ಲೆಲ್ಲ ಎದ್ದು ಕಂಡ ಮಾತು ಒಂದೇ: 'ಮಿಲಿಮೀಟರ್ ನಿಖರತೆ'.

ಈ ಮಾತು ಸುಳ್ಳಲ್ಲ. ಆದರೆ ಒಂದು ದ್ಯುತಿ ಸಂವೇದಕದ ಯೋಗ್ಯತೆಯನ್ನು ಅದರ ಅತ್ಯುತ್ತಮ ನಿಖರತೆಯಿಂದ ಮಾತ್ರ ಅಳೆಯುವುದು, ವಿದ್ಯಾರ್ಥಿಯ ಯೋಗ್ಯತೆಯನ್ನು ಅವನಿಗೆ ಹೆಚ್ಚು ಅಂಕ ಬಂದ ಒಂದೇ ವಿಷಯದಿಂದ ತೀರ್ಮಾನಿಸಿದಂತೆ. ಪ್ರತಿಯೊಂದು ಸಂವೇದಕವೂ ಒಂದಲ್ಲ ಒಂದು ಕಡೆ ಕುರುಡಾಗುತ್ತದೆ. ಅದು ಎಲ್ಲಿ ಕುರುಡಾಗುತ್ತದೆ ಮತ್ತು ಅಲ್ಲಿ ಅದರ ಕೈಯಿಂದ ಕೆಲಸವನ್ನು ಇನ್ನೊಂದು ಹೇಗೆ ಪಡೆಯುತ್ತದೆ ಎಂಬುದೇ ವಿನ್ಯಾಸದ ನಿಜವಾದ ಪರೀಕ್ಷೆ ಎಂದು ನನ್ನ ಅಭಿಪ್ರಾಯ. ಈ ದೃಷ್ಟಿಯಿಂದ ಮೂರು ವಿನ್ಯಾಸಗಳನ್ನು ಇಲ್ಲಿ ಪರಿಶೀಲಿಸೋಣ.

ಎರಡು ನೌಕೆ, ಒಂದು ಗ್ರಹಣ

ಪ್ರೋಬಾ-3ರ ಉದ್ದೇಶ ಕೃತಕ ಸೂರ್ಯಗ್ರಹಣ. ಸೂರ್ಯನ ಕಡೆಗಿರುವ ನೌಕೆಯಲ್ಲಿ ಸುಮಾರು 1.4 ಮೀಟರ್ ವ್ಯಾಸದ ತಟ್ಟೆಯಿದೆ. ಅದನ್ನು ಮರೆನೌಕೆ ಎನ್ನೋಣ. ಅದರ ಹಿಂದೆ, ನೆರಳಿನಲ್ಲಿ, ಸೂರ್ಯನ ಕರೋನದ ಚಿತ್ರ ತೆಗೆಯುವ ವೀಕ್ಷಕ ನೌಕೆಯಿದೆ.

ಇಲ್ಲಿ ಎಷ್ಟು ನಿಖರತೆ ಬೇಕೆಂದು ನೀವೇ ಲೆಕ್ಕ ಹಾಕಬಹುದು. ಸೂರ್ಯಬಿಂಬದ ಕೋನೀಯ ವ್ಯಾಸ ಸುಮಾರು 9.3 ಮಿಲಿರೇಡಿಯನ್. ತಟ್ಟೆಯಿಂದ 144 ಮೀಟರ್ ಹಿಂದೆ ದಟ್ಟನೆರಳು ಸುಮಾರು 1.34 ಮೀಟರಿನಷ್ಟು ಕಿರಿದಾಗಿರುತ್ತದೆ. 1.42 ಮೀಟರ್ ತಟ್ಟೆಯ ನೆರಳಿನಲ್ಲಿ ಉಳಿಯುವುದು ಬರೀ 8 ಸೆಂಟಿಮೀಟರ್. ದೂರದರ್ಶಕದ ಬಾಯಿ 5 ಸೆಂಟಿಮೀಟರ್. ಅಂದರೆ ಸುತ್ತಲೂ ಒಂದೂವರೆ ಸೆಂಟಿಮೀಟರ್ ಮಾತ್ರ ಬಿಡುವು. ಅಷ್ಟು ಸರಿದರೆ ಸೂರ್ಯನ ಅಂಚು ಇಣುಕಿ, ಅದಕ್ಕಿಂತ ಲಕ್ಷಾಂತರ ಪಟ್ಟು ಮಂಕಾದ ಕರೋನ ಮುಳುಗಿಹೋಗುತ್ತದೆ.

ಈ ನೌಕೆಗಳ ಕಕ್ಷೆ ಭೂಮಿಯಿಂದ 600 ಕಿಲೋಮೀಟರ್‌ವರೆಗೆ ಇಳಿದು 60,530 ಕಿಲೋಮೀಟರ್‌ವರೆಗೆ ಏರುತ್ತದೆ. ಜೋಡಿ ಹಾರಾಟಕ್ಕೆ ಗೊತ್ತುಮಾಡಿದ್ದು ದೂರದ ತುದಿಯ ಸುಮಾರು ಆರು ಗಂಟೆ. ಜಿಪಿಎಸ್ ಉಪಗ್ರಹಗಳಿರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ಅದೂ ಭೂಮಿಯ ಕಡೆಗೆ ಮುಖಮಾಡಿ. ಆದ್ದರಿಂದ ಬೇಕಾದ ಹೊತ್ತಿಗೆ ಅವುಗಳ ನೆರವು ಸಾಲದು. ಬೆಳಕನ್ನೇ ನಂಬಬೇಕು.

ಒಂದೇ ಕ್ಯಾಮೆರಾ ಸಾಕೆ?

ಎದುರಿನ ನೌಕೆಯ ಮೇಲೆ ಕೆಲವು ಎಲ್‌ಇಡಿಗಳನ್ನು ಕೂರಿಸಿ, ಈ ನೌಕೆಯ ಕ್ಯಾಮೆರಾದಿಂದ ಅವುಗಳ ಬಿಂಬ ಹಿಡಿದರೆ ದಿಕ್ಕೂ ದೂರವೂ ಸಿಗುತ್ತವೆಂದು ಮೊದಲ ನೋಟಕ್ಕೆ ತೋರುತ್ತದೆ. ನನ್ನ ಸ್ನಾತಕೋತ್ತರ ವಿದ್ಯಾರ್ಥಿಗಳು ಇದನ್ನು ನಮ್ಮ ವಿಭಾಗದ ಉದ್ದನೆಯ ಕಾರಿಡಾರಿನಲ್ಲಿ ಮಾಡಿ ನೋಡಿದ್ದಾರೆ. ದಿಕ್ಕಿನ ಅಳತೆ ಸೊಗಸಾಗಿ ಬರುತ್ತದೆ. ದೂರದ ಅಳತೆ ಮಾತ್ರ ಕಾರಿಡಾರಿನ ಕೊನೆಗೆ ಹೋದಂತೆ ಕೆಡುತ್ತದೆ. 'ಸರ್, ಕ್ಯಾಮೆರಾ ಸರಿಯಿಲ್ಲ' ಎಂಬ ದೂರು ಪ್ರತಿವರ್ಷವೂ ಬರುತ್ತದೆ. ಕ್ಯಾಮೆರಾ ಸರಿಯಾಗಿಯೇ ಇದೆ, ತೊಡಕಿರುವುದು ಜ್ಯಾಮಿತಿಯಲ್ಲಿ.

ಒಂದು ಉದಾಹರಣೆ ನೋಡೋಣ. ಮಸೂರದ ಸಂಗಮದೂರ 50 ಮಿಲಿಮೀಟರ್, ಪಿಕ್ಸೆಲ್‌ನ ಅಗಲ 5 ಮೈಕ್ರಾನ್ ಇರಲಿ. ಒಂದು ಪಿಕ್ಸೆಲ್ 100 ಮೈಕ್ರೋರೇಡಿಯನ್ ಕೋನಕ್ಕೆ ಸಮ. ಬೆಳಕಿನ ಚುಕ್ಕೆಯ ಕೇಂದ್ರವನ್ನು ಪಿಕ್ಸೆಲ್‌ನ ಹತ್ತನೇ ಒಂದು ಭಾಗದವರೆಗೆ ಗುರುತಿಸಬಹುದಾದರೆ ಕೋನದ ದೋಷ 10 ಮೈಕ್ರೋರೇಡಿಯನ್. 150 ಮೀಟರ್ ದೂರದಲ್ಲಿ ಇದು ಅಡ್ಡಡ್ಡಕ್ಕೆ 1.5 ಮಿಲಿಮೀಟರ್ ಮಾತ್ರ. ಪತ್ರಿಕೆಗಳು ಮೆಚ್ಚುವ ಅಂಕೆ ಇದು.

ಈಗ ದೂರವನ್ನು ಅಳೆಯೋಣ. ಒಂದು ಮೀಟರ್ ಅಂತರದಲ್ಲಿರುವ ಎರಡು ಎಲ್‌ಇಡಿಗಳ ನಡುವಿನ ಕೋನದಿಂದ ದೂರವನ್ನು ಲೆಕ್ಕ ಹಾಕಿದರೆ, ದೋಷವು ದೂರದ ವರ್ಗಕ್ಕೆ ಅನುಪಾತದಲ್ಲಿ ಬೆಳೆಯುತ್ತದೆ. 10 ಮೀಟರಿನಲ್ಲಿ ಅದು 1 ಮಿಲಿಮೀಟರ್. 150 ಮೀಟರಿನಲ್ಲಿ 22 ಸೆಂಟಿಮೀಟರಿಗೂ ಹೆಚ್ಚು! ಅದೇ ಕ್ಯಾಮೆರಾ, ಅದೇ ಚಿತ್ರ. ಆದರೆ ನೋಟದ ಉದ್ದಕ್ಕೆ ಆಗುವ ದೋಷ ಅಡ್ಡದ ದೋಷಕ್ಕಿಂತ 150 ಪಟ್ಟು. ಮಸೂರವನ್ನು ಎಷ್ಟೇ ನುಣುಪಾಗಿ ಉಜ್ಜಿದರೂ ಈ ಅನುಪಾತ ಬದಲಾಗದು.

ಹತ್ತಿರವಾದಾಗ ಇನ್ನೊಂದು ಬಗೆಯ ಕುರುಡು

ಹಾಗಾದರೆ ಹತ್ತಿರ ಬಂದರೆ ಎಲ್ಲವೂ ಸರಿಹೋಗುತ್ತದೆಯೆ? ಇಲ್ಲ. ಮೇಲಿನ ಕ್ಯಾಮೆರಾದಲ್ಲಿ ಸಾವಿರಕ್ಕೆ ಸಾವಿರ ಪಿಕ್ಸೆಲ್‌ಗಳಿದ್ದರೆ, 10 ಮೀಟರ್ ದೂರದಲ್ಲಿ ಅದಕ್ಕೆ ಕಾಣುವುದು ಒಂದು ಮೀಟರ್ ಚೌಕ ಮಾತ್ರ. ಇನ್ನೂ ಹತ್ತಿರ ಬಂದರೆ ಎರಡು ದೀಪಗಳಲ್ಲಿ ಒಂದಾದರೂ ಚೌಕಟ್ಟಿನಿಂದ ಹೊರಗೆ ಜಾರುತ್ತದೆ.

ಎರಡನೆಯದು ಮಬ್ಬು. ಅನಂತ ದೂರಕ್ಕೆ ಹೊಂದಿಸಿದ, 10 ಮಿಲಿಮೀಟರ್ ಬಾಯಿಯ ಈ ಮಸೂರ 150 ಮೀಟರ್ ದೂರದ ದೀಪವನ್ನು ಒಂದು ಪಿಕ್ಸೆಲ್‌ಗಿಂತ ಕಡಿಮೆ ಮಬ್ಬಿನೊಂದಿಗೆ ತೋರಿಸುತ್ತದೆ. 10 ಮೀಟರಿನಲ್ಲಿ ಮಬ್ಬು ಹತ್ತು ಪಿಕ್ಸೆಲ್. ಮಬ್ಬು ತಾನಾಗಿಯೇ ಶತ್ರುವಲ್ಲ. ಚುಕ್ಕೆ ಎರಡು ಮೂರು ಪಿಕ್ಸೆಲ್‌ಗಳಿಗೆ ಹರಡಿದರೆ ಅದರ ಕೇಂದ್ರವನ್ನು ಹುಡುಕುವುದು ಸುಲಭವೆಂದು ನಕ್ಷತ್ರ ಸಂವೇದಕಗಳಲ್ಲಿ ಬೇಕೆಂದೇ ತುಸು ಮಬ್ಬು ಮಾಡುತ್ತಾರೆ. ತೊಂದರೆಯಿರುವುದು ಓರೆಯಾಗಿ ಹರಡುವ ಮಬ್ಬಿನಲ್ಲಿ. ಚಿತ್ರದ ಅಂಚಿನಲ್ಲಿ ಕಿರಣಗಳು ಪತ್ತೆಕಾರಕದ ಮೇಲೆ ಓರೆಯಾಗಿ ಬಿದ್ದರೆ, ಮಬ್ಬಾಗುತ್ತಲೇ ಚುಕ್ಕೆಯ ಕೇಂದ್ರವೂ ಸರಿಯುತ್ತದೆ. ಪ್ರಧಾನ ಕಿರಣಗಳು ಎಲ್ಲೆಡೆ ಲಂಬವಾಗಿ ಬೀಳುವಂತೆ ಮಸೂರಗಳನ್ನು ಜೋಡಿಸುವ ಟೆಲಿಸೆಂಟ್ರಿಕ್ ವಿನ್ಯಾಸದಲ್ಲಿ ಈ ದೋಷ ಬಹುಮಟ್ಟಿಗೆ ತಪ್ಪುತ್ತದೆ. ಮಸೂರಗಳು ಹೆಚ್ಚುತ್ತವೆ, ತೂಕವೂ ಹೆಚ್ಚುತ್ತದೆ. ಆದರೂ ಇದು ಕೊಡತಕ್ಕ ಬೆಲೆಯೇ.

ಮೂರನೆಯದು ಪ್ರಖರತೆ. ದೂರ 200 ಮೀಟರಿನಿಂದ 2 ಮೀಟರಿಗೆ ಇಳಿದರೆ ಎಲ್‌ಇಡಿಯಿಂದ ಬರುವ ಬೆಳಕು 10 ಸಾವಿರ ಪಟ್ಟು ಹೆಚ್ಚುತ್ತದೆ. ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಮೂಲೆ ಪ್ರತಿಫಲಕಕ್ಕೆ ಹರಡುವ ಲೇಸರ್ ಕಿರಣ ಬಿಟ್ಟರೆ ಹೋಗುವಾಗಲೂ ಬರುವಾಗಲೂ ವರ್ಗನಿಯಮ ಅನ್ವಯಿಸಿ, ಹೆಚ್ಚಳ 10 ಕೋಟಿ ಪಟ್ಟು! ಯಾವ ಪತ್ತೆಕಾರಕವೂ ಒಂದೇ ಹೊಂದಾಣಿಕೆಯಲ್ಲಿ ಇದನ್ನು ತಾಳಲಾರದು.

ಪ್ರೋಬಾದ ಉತ್ತರ

ಪ್ರೋಬಾ-3ರ ವಿನ್ಯಾಸಕಾರರು ಒಂದು ಮಸೂರದಿಂದ ಎಲ್ಲವನ್ನೂ ಕೇಳಲಿಲ್ಲ. ಇದೇ ಅವರ ದೊಡ್ಡ ಗುಣ. ಮರೆನೌಕೆಯಲ್ಲಿರುವ ಅಗಲ ನೋಟದ ಕ್ಯಾಮೆರಾ ಸಂಗಾತಿಯ ಎಲ್‌ಇಡಿಗಳನ್ನು ಹುಡುಕುತ್ತದೆ. ಕಿರಿದು ನೋಟದ ಕ್ಯಾಮೆರಾ ಅದನ್ನು ಇನ್ನಷ್ಟು ನಿಖರಗೊಳಿಸುತ್ತದೆ. ಬಳಿಕ ಲೇಸರ್ ಕಿರಣವೊಂದು ವೀಕ್ಷಕ ನೌಕೆಯ ಮೂಲೆ ಪ್ರತಿಫಲಕಕ್ಕೆ ಹೋಗಿ ಮರಳಿ, ಅಡ್ಡ ಸರಿತವನ್ನೂ ಅಂತರವನ್ನೂ ತಿಳಿಸುತ್ತದೆ. ನಮ್ಮ ಕಾರಿಡಾರಿನಲ್ಲಿ ಕಂಡ ವರ್ಗನಿಯಮದ ಕಾಟ ಇಲ್ಲಿಲ್ಲ. ಅಂತರ ಸಿಗುವುದು ಕೋನದಿಂದಲ್ಲ, ಬೆಳಕಿನ ಪಯಣದಿಂದ.

ಕೊನೆಯ ಕೊಂಡಿ ಎಲ್ಲಕ್ಕಿಂತ ಸೊಗಸಾದದ್ದು. ದೂರದರ್ಶಕದ ಬಾಯಿಯ ಸುತ್ತ ಎಂಟು ಬೆಳಕು ಪತ್ತೆಕಾರಕಗಳು ಅರೆನೆರಳಿನಲ್ಲಿ ಕೂತಿವೆ. ನೆರಳು ಒಂದು ಬದಿಗೆ ಸರಿದರೆ ಆ ಬದಿ ಕತ್ತಲಾಗಿ ಎದುರು ಬದಿ ಬೆಳಗುತ್ತದೆ. ಅಳತೆಗೋಲು ಸೂರ್ಯನೇ. ನಿಖರತೆ ಎಲ್ಲಿ ಬೇಕೋ ಅಲ್ಲಿಯೇ ಅಳತೆ. ಈ ಪತ್ತೆಕಾರಕಗಳಷ್ಟೇ ಇದ್ದಿದ್ದರೆ ಉಪಯೋಗವಿರಲಿಲ್ಲ, ಏಕೆಂದರೆ ನೆರಳು ಆಗಲೇ ಸರಿಯಾದ ಜಾಗದ ಹತ್ತಿರವಿದ್ದರೆ ಮಾತ್ರ ಅವು ಮಾತಾಡುತ್ತವೆ.

ಆಕ್ಷೇಪಣೆಗಳೂ ಇವೆ. ಇಲ್ಲಿ ಕ್ಯಾಮೆರಾಗಳು ಸೂರ್ಯನಿಗೆ ಬೆನ್ನುಮಾಡಿ ನೋಡುತ್ತವೆ. ಇಂಥ ಅನುಕೂಲ ಬೇರೆ ಯೋಜನೆಗಳಿಗೆ ಸಿಗದು. ಭೂಮಿಗೆ ಸಮೀಪದ ಕಕ್ಷೆಯಲ್ಲಿ ಒಂದೂವರೆ ಗಂಟೆಗೊಮ್ಮೆ ಸೂರ್ಯನ ದಿಕ್ಕು ಸುತ್ತುಹೊಡೆಯುತ್ತದೆ. ಎರಡನೆಯದಾಗಿ, ಇದು ಸಂಗಾತಿ ಸಹಕರಿಸಿದರೆ ಮಾತ್ರ ನಡೆಯುವ ವ್ಯವಸ್ಥೆ. ದೀಪಗಳೂ ಪ್ರತಿಫಲಕವೂ ಇತ್ತ ಮುಖಮಾಡಿರಬೇಕು. ಸಂಗಾತಿ ಮುಖ ತಿರುಗಿಸಿದರೆ ಇಷ್ಟೆಲ್ಲ ನಿಖರತೆಯೂ ನಿರರ್ಥಕ. ಆದ್ದರಿಂದ ಪ್ರೋಬಾ-3ನ್ನು ಯಥಾವತ್ತಾಗಿ ನಕಲು ಮಾಡುವವರು ಎಡವುತ್ತಾರೆ.

ಕೈ ಬದಲಾಯಿಸುವಾಗಿನ ಎಡವಟ್ಟು

ಐವತ್ತು ದಾಟಿದ ನನ್ನಂಥವರು ಬೈಫೋಕಲ್ ಕನ್ನಡಕ ಹಾಕಿ ಮೆಟ್ಟಿಲಿಳಿಯುವಾಗ ಒಂದು ವಿಷಯ ಕಲಿಯುತ್ತಾರೆ. ದೂರದ ಗಾಜೂ ಚೆನ್ನಾಗಿರುತ್ತದೆ, ಹತ್ತಿರದ ಗಾಜೂ ಚೆನ್ನಾಗಿರುತ್ತದೆ. ಕಾಲು ತಪ್ಪುವುದು ಎರಡರ ಗಡಿಯಲ್ಲಿ.

2005ರ ಏಪ್ರಿಲ್ 15ರಂದು ನಾಸಾ ಹಾರಿಸಿದ ಡಾರ್ಟ್ ನೌಕೆಗೆ ಆದದ್ದು ಇದೇ. 1999ರಲ್ಲಿ ಕಕ್ಷೆ ಸೇರಿದ್ದ ಮಬ್ಲ್‌ಕಾಮ್ ಎಂಬ ಉಪಗ್ರಹವನ್ನು ಅದು ತಾನಾಗಿಯೇ ಸಮೀಪಿಸಬೇಕಿತ್ತು. ಅದರ ದ್ಯುತಿ ಸಂವೇದಕ ಜಾಣತನದ್ದು: 800 ಮತ್ತು 850 ನ್ಯಾನೋಮೀಟರ್‌ಗಳ ಎರಡು ಲೇಸರ್ ಬೆಳಕಿನಲ್ಲಿ ಚಿತ್ರ ತೆಗೆಯುವುದು. ಗುರಿಯ ಪ್ರತಿಫಲಕಗಳು ಎರಡನೆಯದನ್ನು ಮಾತ್ರ ಹಿಂದಿರುಗಿಸುವುದರಿಂದ, ಒಂದು ಚಿತ್ರದಿಂದ ಇನ್ನೊಂದನ್ನು ಕಳೆದರೆ ಬಿಸಿಲಿನ ಹಿನ್ನೆಲೆ ಅಳಿಸಿಹೋಗಿ ಪ್ರತಿಫಲಕಗಳು ಮಾತ್ರ ಉಳಿಯುತ್ತವೆ.

ಆದರೆ ಜಿಪಿಎಸ್‌ನಿಂದ ಈ ಸಂವೇದಕಕ್ಕೆ ಪೂರ್ಣ ಹಸ್ತಾಂತರವಾಗಲು ನೌಕೆ ಗೊತ್ತುಪಡಿಸಿದ ಬಿಂದುವಿನ ಸುತ್ತಲಿನ 6.3 ಮೀಟರಿನ ಗೋಳವೊಂದನ್ನು ಹಾಯಬೇಕೆಂದು ಷರತ್ತಿತ್ತು. ಹಳೆಯ ವ್ಯವಸ್ಥೆಯ ಅಳತೆಯೇ ದೋಷಪೂರ್ಣವಾಗಿದ್ದರಿಂದ ನೌಕೆ ಆ ಗೋಳವನ್ನು ತಪ್ಪಿಸಿಕೊಂಡಿತು. ದ್ಯುತಿ ಸಂವೇದಕ ದಿಕ್ಕನ್ನು ಹೇಳುತ್ತಿತ್ತು, ದೂರವನ್ನು ಹೇಳಲು ಅದಕ್ಕೆ ಅಪ್ಪಣೆಯೇ ಸಿಗಲಿಲ್ಲ. ಡಾರ್ಟ್ ತನ್ನ ಗುರಿಗೇ ಡಿಕ್ಕಿ ಹೊಡೆಯಿತು. ಕಡಿಮೆ ನಿಖರತೆಯ ಉಪಕರಣ ಹೆಚ್ಚು ನಿಖರತೆಯ ಉಪಕರಣಕ್ಕೆ ಬಾಗಿಲು ಕಾಯುವಂತೆ ಮಾಡಿದ್ದೇ ಇಲ್ಲಿಯ ತಪ್ಪು. ಇದೇ ಬಗೆಯ ಸಂವೇದಕ 2007ರಲ್ಲಿ ಆರ್ಬಿಟಲ್ ಎಕ್ಸ್‌ಪ್ರೆಸ್ ಯೋಜನೆಯಲ್ಲಿ ಯಶಸ್ವಿಯಾಯಿತು. ದೋಷ ಗಾಜಿನಲ್ಲಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ನಮ್ಮ ಸ್ಪೇಡೆಕ್ಸ್

ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ಇತರ ಇಸ್ರೋ ಕೇಂದ್ರಗಳ ನೆರವಿನಿಂದ ರೂಪಿಸಿದ ಸ್ಪೇಡೆಕ್ಸ್‌ನ 220 ಕಿಲೋಗ್ರಾಂ ತೂಕದ ಎರಡು ಉಪಗ್ರಹಗಳು 2024ರ ಡಿಸೆಂಬರ್ 30ರಂದು ಹಾರಿದವು. ಅವುಗಳ ಸಂವೇದಕಗಳ ವ್ಯಾಪ್ತಿಯನ್ನು ಇಸ್ರೋ ಪ್ರಕಟಿಸಿದೆ. ಲೇಸರ್ ದೂರಮಾಪಕ 6000ದಿಂದ 200 ಮೀಟರ್, ಸಮಾಗಮ ಸಂವೇದಕ 2000ದಿಂದ 250 ಮತ್ತು 250ರಿಂದ 10 ಮೀಟರ್, ಸಾಮೀಪ್ಯ ಸಂವೇದಕ 30ರಿಂದ 0.4 ಮೀಟರ್.

ಈ ಅಂಕೆಗಳನ್ನು ಒಂದರ ಕೆಳಗೊಂದು ಬರೆದು ನೋಡಿ. 30ರಿಂದ 10 ಮೀಟರ್‌ವರೆಗೆ ಎರಡು ಕಣ್ಣುಗಳು ಒಟ್ಟಿಗೆ ನೋಡುತ್ತವೆ. ಇದು ಒಳ್ಳೆಯ ಅತಿವ್ಯಾಪ್ತಿ. ಆದರೆ ಸಮಾಗಮ ಸಂವೇದಕದ ಎರಡು ಭಾಗಗಳು ಪ್ರಕಟಿತ ಅಂಕೆಗಳಂತೆ 250 ಮೀಟರಿನಲ್ಲಿ ಬರೀ ಮುಟ್ಟುತ್ತವೆ, ಒಂದರ ಮೇಲೊಂದು ಹಾಯುವುದಿಲ್ಲ. ದೂರಮಾಪಕ 200 ಮೀಟರ್‌ವರೆಗೆ ಬರುವುದರಿಂದ ಆ ಗಡಿಗೆ ಆಸರೆಯಿದೆ. ಮುಂದಿನ ವಿನ್ಯಾಸಗಳಲ್ಲಿ ಇಲ್ಲಿಯೂ ಅತಿವ್ಯಾಪ್ತಿ ಹೆಚ್ಚಿದರೆ ಒಳ್ಳೆಯದು.

ಮೆಚ್ಚಬೇಕಾದದ್ದು ಇನ್ನೊಂದು. 2025ರ ಜನವರಿಯಲ್ಲಿ ಉಪಗ್ರಹಗಳನ್ನು 225 ಮೀಟರಿಗೆ ತರುವಾಗ ಅವುಗಳ ಚಲನೆ ನಿರೀಕ್ಷೆಗಿಂತ ಹೆಚ್ಚಾಗಿರುವುದು ಕಂಡುಬಂತು. ಜೋಡಣೆಯನ್ನು ಮುಂದೂಡಿದರು. ಬಳಿಕ 3 ಮೀಟರ್‌ವರೆಗೆ ತಂದು, ಮತ್ತೆ ಹಿಂದಕ್ಕೆ ಕಳಿಸಿ, ದತ್ತಾಂಶ ಪರಿಶೀಲಿಸಿದರು. ಜೋಡಣೆಯಾದದ್ದು ಜನವರಿ 16ರಂದು. ಆಗ ಕೆಲವು ಮಾಧ್ಯಮಗಳು ಈ ಮುಂದೂಡಿಕೆಯನ್ನು ಹಿನ್ನಡೆಯೆಂದು ಕರೆದವು. ಡಾರ್ಟ್‌ನ ಕಥೆ ಬಲ್ಲವರು ಹಾಗೆ ಹೇಳಲಾರರು.

ಚಂದ್ರಯಾನ-4ಕ್ಕೆ 2024ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದೆ. ಅದಕ್ಕೂ ಬಾಹ್ಯಾಕಾಶದಲ್ಲಿ ಜೋಡಣೆ ಬೇಕು. ಸಣ್ಣ ಉಪಗ್ರಹ ಮಾಡುವ ಕಾಲೇಜುಗಳೂ ಈಗ ಇಂಥ ಸಂವೇದಕಗಳಿಗೆ ಕೈಹಾಕುತ್ತಿವೆ. ಅವರ ಯೋಜನಾ ವರದಿ ನಿಮ್ಮ ಕೈಗೆ ಬಂದರೆ ನಿಖರತೆಯ ಅಂಕೆಯನ್ನು ಕೊನೆಗೆ ಓದಿ. ಮೊದಲು ಮೂರು ಪ್ರಶ್ನೆ ಕೇಳಿ. ಅಡ್ಡದ ದೋಷ, ಉದ್ದದ ದೋಷಗಳನ್ನು ಬೇರೆಬೇರೆಯಾಗಿ ಕೊಟ್ಟಿದ್ದಾರೆಯೆ? ಅತಿ ಹತ್ತಿರದ, ಅತಿ ದೂರದ ಬೆಳಕಿನ ಅನುಪಾತ ಎಷ್ಟು, ಅದನ್ನು ಪತ್ತೆಕಾರಕ ತಾಳುತ್ತದೆಯೆ? ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹಸ್ತಾಂತರ ತಪ್ಪಿದರೆ ನೌಕೆ ಏನು ಮಾಡುತ್ತದೆ? ಮೂರನೆಯ ಪ್ರಶ್ನೆಗೆ ವರದಿಯಲ್ಲಿ ಉತ್ತರವಿಲ್ಲದಿದ್ದರೆ ಅದನ್ನು ತಿದ್ದಿ ತರುವಂತೆ ವಾಪಸು ಕಳಿಸಿ.